ಬೀಜ ಜೊಳ್ಳಾಗುವ ಮೊದಲು: ರಕ್ತದ ಕ್ಯಾನ್ಸರಿಗೆ ಕಾರ್-ಟಿ ಚಿಕಿತ್ಸೆ ಮತ್ತು ನಮ್ಮ ಮೂರು ಜಿಲ್ಲೆಗಳು

ಹೊಸೂರು ರಸ್ತೆಯ ಬೊಮ್ಮಸಂದ್ರದಲ್ಲಿ ಈಗ ಒಂದು ಔಷಧ ತಯಾರಾಗುತ್ತಿದೆ. ಅದರ ಕಚ್ಚಾವಸ್ತು ರೋಗಿಯ ಮೈಯಲ್ಲೇ ಇರುತ್ತದೆ. ರೋಗಿಯ ರಕ್ತದಿಂದ ಟಿ-ಕೋಶಗಳೆಂಬ ಬಿಳಿ ರಕ್ತಕಣಗಳನ್ನು ತೆಗೆಯುತ್ತಾರೆ. ಕ್ಯಾನ್ಸರ್ ಕೋಶದ ಗುರುತು ಹಿಡಿಯುವ ಜೀನ್ ಒಂದನ್ನು ಅವುಗಳೊಳಗೆ ಸೇರಿಸಿ, ಕೋಟಿಗಟ್ಟಲೆ ಬೆಳೆಸಿ, ಅದೇ ರೋಗಿಗೆ ಮತ್ತೆ ಏರಿಸುತ್ತಾರೆ. ಕಾರ್-ಟಿ ಎಂದು ಇದರ ಹೆಸರು. ತುಮಕೂರಿನಿಂದ ಬೆಂಗಳೂರಿಗೆ ಸುಮಾರು 70 ಕಿಲೋಮೀಟರ್, ಕೋಲಾರದಿಂದ ಹೆಚ್ಚುಕಡಿಮೆ ಅಷ್ಟೇ, ಚಿಕ್ಕಬಳ್ಳಾಪುರದಿಂದ 60. ಪಾವಗಡದವರಿಗೂ ಮುಳಬಾಗಿಲಿನವರಿಗೂ ಬೆಳಗ್ಗೆ ಬಸ್ಸು ಹತ್ತಿದರೆ ಮಧ್ಯಾಹ್ನದೊಳಗೆ ಬೆಂಗಳೂರು. ಹಾಗಿದ್ದೂ ಈ ಚಿಕಿತ್ಸೆ ಕೈತಪ್ಪುತ್ತದೆ. ತಪ್ಪುವುದು ಮೂರು ಕಡೆ: ರೋಗಿಯನ್ನು ಯಾವ ಹಂತದಲ್ಲಿ ಕಳಿಸಿದರು, ಕಳಿಸುವ ಮೊದಲು ಏನು ಔಷಧ ಕೊಟ್ಟರು, ಚಿಕಿತ್ಸೆ ಮುಗಿಸಿ ಊರಿಗೆ ಬಂದವರ ಜ್ವರವನ್ನು ಹೇಗೆ ನೋಡಿದರು. ಈ ಮೂರೂ ನಿರ್ಧಾರವಾಗುವುದು ಬಹುಮಟ್ಟಿಗೆ ತಾಲ್ಲೂಕು, ಜಿಲ್ಲಾ ಮಟ್ಟದಲ್ಲೇ.

ಯಾವ ಕ್ಯಾನ್ಸರಿಗೆ?

ಜನರ ಬಾಯಲ್ಲಿ ಬ್ಲಡ್ ಕ್ಯಾನ್ಸರ್ ಅಂದರೆ ಒಂದೇ ಕಾಯಿಲೆ. ಆಸ್ಪತ್ರೆಯ ಚೀಟಿಯಲ್ಲಿ ಅದಕ್ಕೆ ಹತ್ತಾರು ಹೆಸರು, ಕಾರ್-ಟಿ ಸಿಗುತ್ತದೋ ಇಲ್ಲವೋ ಎಂಬುದು ಆ ಹೆಸರಿನ ಮೇಲೆಯೇ ನಿಂತಿದೆ. ದೇಶದೊಳಗೆ ತಯಾರಾಗುತ್ತಿರುವ ಕಾರ್-ಟಿ ಔಷಧಗಳಾದ ನೆಕ್ಸ್‌ಕಾರ್19 ಮತ್ತು ಕ್ವಾರ್ಟೆಮಿ ಎರಡೂ, ಪ್ರತಿಕಾಯ (ಆ್ಯಂಟಿಬಾಡಿ) ತಯಾರಿಸುವ ಬಿ-ಕೋಶಗಳೆಂಬ ಬಿಳಿ ಕಣಗಳಿಂದ ಹುಟ್ಟುವ ಕ್ಯಾನ್ಸರಿಗೆ ಮಾತ್ರ. ಬಿ-ಕೋಶದ ಮೇಲ್ಮೈಯಲ್ಲಿ ಸಿಡಿ19 ಎಂಬ ಪ್ರೋಟೀನ್ ಇರುತ್ತದೆ, ಮಾರ್ಪಡಿಸಿದ ಟಿ-ಕೋಶ ಅದನ್ನು ಹುಡುಕಿಕೊಂಡು ಹೋಗಿ ಆ ಕೋಶವನ್ನು ಕೊಲ್ಲುತ್ತದೆ. ಆರೋಗ್ಯವಂತ ಬಿ-ಕೋಶಗಳೂ ಜೊತೆಗೆ ಸಾಯುತ್ತವೆ. ಆದರೆ ಬಿ-ಕೋಶವಿಲ್ಲದೆಯೂ ಮನುಷ್ಯ ಬದುಕಬಲ್ಲ, ಹೊರಗಿನಿಂದ ಪ್ರತಿಕಾಯ ಕೊಟ್ಟರಾಯಿತು. ಅಕ್ಯೂಟ್ ಮೈಲಾಯ್ಡ್ ಲುಕೇಮಿಯಾ ಎಂಬ ಇನ್ನೊಂದು ಬಗೆಯ ರಕ್ತದ ಕ್ಯಾನ್ಸರಿನಲ್ಲಿ ಈ ಅನುಕೂಲ ಇಲ್ಲ. ಅಲ್ಲಿ ಗುರಿಯಿಡಬಹುದಾದ ಪ್ರೋಟೀನುಗಳು ರಕ್ತ ಹುಟ್ಟಿಸುವ ಮೂಲಕೋಶಗಳ ಮೇಲೂ ಇರುವುದರಿಂದ ಕಳೆಯ ಜೊತೆಗೆ ಪೈರೂ ಹೋಗುತ್ತದೆ. ಕ್ರಾನಿಕ್ ಮೈಲಾಯ್ಡ್ ಲುಕೇಮಿಯಾದವರಿಗೆ ದಿನಾ ಒಂದು ಇಮ್ಯಾಟಿನಿಬ್ ಮಾತ್ರೆ ಎಷ್ಟೋ ವರ್ಷ ಕಾಯುತ್ತದೆ, ಅವರಲ್ಲಿ ಹೆಚ್ಚಿನವರಿಗೆ ಇದರ ಅಗತ್ಯವೇ ಬೀಳುವುದಿಲ್ಲ. ಮಲ್ಟಿಪಲ್ ಮೈಲೋಮಾ ಎಂಬ ಮಜ್ಜೆಯ ಕ್ಯಾನ್ಸರಿಗೆ ಬಿಸಿಎಂಎ ಎಂಬ ಬೇರೆ ಪ್ರೋಟೀನನ್ನು ಗುರಿಯಾಗಿಸುವ ಕಾರ್-ಟಿ ಇದೆ, ಅದಕ್ಕೆ ಅಮೆರಿಕದಲ್ಲಿ 2021ರಲ್ಲಿ ಮೊದಲ ಅನುಮತಿ ಸಿಕ್ಕಿತು.

ಇನ್ನೊಂದು ಮಾತು ಖಡಾಖಂಡಿತವಾಗಿ ಹೇಳಬೇಕು. ಇಲ್ಲಿ ಕಾರ್-ಟಿ ಕೊಡುವುದು ಮೊದಲ ಚಿಕಿತ್ಸೆಗೆ ರೋಗ ಬಗ್ಗದಿದ್ದಾಗ ಅಥವಾ ಬಗ್ಗಿ ಮರುಕಳಿಸಿದಾಗ. ಮಕ್ಕಳ ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲುಕೇಮಿಯಾ ಹೆಚ್ಚಿನವರಲ್ಲಿ ಕೀಮೋದಿಂದಲೇ ವಾಸಿಯಾಗುತ್ತದೆ, ಎರಡರಿಂದ ಮೂರು ವರ್ಷ ತಪ್ಪದೆ ತೆಗೆದುಕೊಂಡರೆ. ಹೊಸ ಚಿಕಿತ್ಸೆಯ ಸುದ್ದಿ ಕೇಳಿ ನಡೆಯುತ್ತಿರುವ ಕೀಮೋವನ್ನು ಅರ್ಧಕ್ಕೆ ಬಿಡುವ ಮನೆಯವರು ಮಗುವಿಗಿದ್ದ ಅತಿ ಒಳ್ಳೆಯ ಅವಕಾಶವನ್ನೇ ಕಳೆದುಕೊಳ್ಳುತ್ತಾರೆ.

ಇದರ ಇತಿಹಾಸ ಚಿಕ್ಕದು. ಇಸ್ರೇಲಿನ ಝೆಲಿಗ್ ಎಶ್ಹಾರ್ 1980ರ ದಶಕದ ಕೊನೆಯಲ್ಲಿ ಇಂಥ ಟಿ-ಕೋಶವನ್ನು ಮೊದಲು ರೂಪಿಸಿದವರಲ್ಲಿ ಒಬ್ಬರು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಕಾರ್ಲ್ ಜೂನ್ ಮತ್ತು ಸಂಗಡಿಗರು ಅದನ್ನು ರೋಗಿಗಳವರೆಗೆ ತಂದರು. 2012ರಲ್ಲಿ ಆರು ವರ್ಷದ ಎಮಿಲಿ ವೈಟ್‌ಹೆಡ್ ಇದನ್ನು ಪಡೆದ ಮೊದಲ ಮಗು. 2017ರಲ್ಲಿ ಅಮೆರಿಕದಲ್ಲಿ ಮೊದಲ ಅನುಮತಿ. ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್ ಸೇರಿ ಬೆಳೆಸಿದ ನೆಕ್ಸ್‌ಕಾರ್19ಕ್ಕೆ ನಮ್ಮಲ್ಲಿ 2023ರ ಅಕ್ಟೋಬರ್‌ನಲ್ಲಿ ಅನುಮತಿ ದೊರೆತು, 2024ರ ಏಪ್ರಿಲ್ 4ರಂದು ರಾಷ್ಟ್ರಪತಿ ದ್ರೌಪದಿ ಮುರ್ಮು ಅದನ್ನು ಬಿಡುಗಡೆ ಮಾಡಿದರು. ಬಾರ್ಸಿಲೋನಾದ ಆಸ್ಪತ್ರೆಯಲ್ಲಿ ಹುಟ್ಟಿದ ತಂತ್ರವನ್ನು ಬೆಂಗಳೂರಿನಲ್ಲಿ ಬೆಳೆಸಿದ ಕ್ವಾರ್ಟೆಮಿ 2025ರ ಜನವರಿಯಲ್ಲಿ ಬಂತು.

ಬೀಜ ತೆಗೆಯುವುದು

ಮೊದಲ ಹೆಜ್ಜೆಗೆ ಅಫೆರಿಸಿಸ್ ಎನ್ನುತ್ತಾರೆ. ರೋಗಿಯ ಎರಡೂ ತೋಳಿಗೆ, ನರ ಸಿಗದಿದ್ದರೆ ಕುತ್ತಿಗೆಯ ದೊಡ್ಡ ರಕ್ತನಾಳಕ್ಕೆ, ಕೊಳವೆ ಹಾಕುತ್ತಾರೆ. ರಕ್ತ ಯಂತ್ರದೊಳಗೆ ಹೋಗಿ ಗಿರಗಿರ ತಿರುಗಿ, ಬಿಳಿ ಕಣಗಳ ಪದರ ಬೇರ್ಪಟ್ಟು ಚೀಲಕ್ಕಿಳಿಯುತ್ತದೆ. ಉಳಿದದ್ದು ಮೈಗೆ ವಾಪಸು. ಮೂರರಿಂದ ಐದು ಗಂಟೆಯ ಕೆಲಸ. ರಕ್ತ ಹೆಪ್ಪುಗಟ್ಟದಂತೆ ಬೆರೆಸುವ ಸಿಟ್ರೇಟ್ ಕ್ಯಾಲ್ಸಿಯಂ ಅನ್ನು ಇಳಿಸುವುದರಿಂದ ತುಟಿ, ಬೆರಳ ತುದಿ ಜುಮ್ಮೆನ್ನುತ್ತವೆ. ಆಗಲೇ ಹೇಳಿದರೆ ಕ್ಯಾಲ್ಸಿಯಂ ಕೊಟ್ಟು ಸರಿಮಾಡುತ್ತಾರೆ.

ಕಾರ್ಖಾನೆಯಲ್ಲಿ ಆ ಚೀಲದಿಂದ ಟಿ-ಕೋಶಗಳನ್ನಷ್ಟೇ ಆರಿಸಿ, ಪ್ರಚೋದಿಸಿ ಎಚ್ಚರಿಸುತ್ತಾರೆ. ಆಮೇಲೆ ಲೆಂಟಿವೈರಸ್ ಮೂಲಕ ಹೊಸ ಜೀನ್ ಸೇರಿಸುತ್ತಾರೆ. ಈ ವೈರಸ್ಸು ಎಚ್‌ಐವಿ ಕುಟುಂಬದ್ದೇ, ಆದರೆ ಮರಿಹಾಕುವ ಶಕ್ತಿ ಕಳೆದದ್ದು. ಇದರಿಂದ ಏಡ್ಸ್ ಬರುವುದಿಲ್ಲ. ಹಾಗಿದ್ದರೂ ಇದನ್ನು ಇಲ್ಲಿ ಒತ್ತಿ ಹೇಳಲು ಕಾರಣವಿದೆ. ಲೆಂಟಿವೈರಸ್ ಬಳಸಿದ ಕಾರ್-ಟಿ ಪಡೆದವರಲ್ಲಿ, ವೈರಸ್ಸಿನ ಜೀನ್ ಹುಡುಕುವ ಕೆಲವು ಎಚ್‌ಐವಿ ಪರೀಕ್ಷೆಗಳು ಸುಳ್ಳು ಪಾಸಿಟಿವ್ ತೋರಿಸಬಹುದು. ಊರಿನ ಲ್ಯಾಬಿನಲ್ಲಿ ಇಂಥದ್ದೊಂದು ವರದಿ ಬಂದು, ಅದು ಬೀದಿಗೆ ಬಿದ್ದರೆ ಒಂದು ಸಂಸಾರವೇ ಹಾಳಾದೀತು. ರೋಗಿಯ ಫೈಲಿನ ಮೊದಲ ಪುಟದಲ್ಲೇ ಈ ವಿಷಯ ಬರೆಸಿಕೊಳ್ಳಬೇಕು.

ಕೋಶಗಳು ಏಳರಿಂದ ಹತ್ತು ದಿನ ಬೆಳೆಯುತ್ತವೆ. ಆಮೇಲೆ ನಂಜಿಲ್ಲವೇ, ಎಷ್ಟು ಕೋಶ ಜೀವಂತವಾಗಿವೆ, ಎಷ್ಟಕ್ಕೆ ಹೊಸ ಜೀನ್ ಸೇರಿದೆ ಎಂಬ ಪರೀಕ್ಷೆಗಳು. ಎಲ್ಲ ದಾಟಿದರೆ ದ್ರವ ಸಾರಜನಕದ ಆವಿಯಲ್ಲಿ, ಸೊನ್ನೆಗಿಂತ 150 ಡಿಗ್ರಿ ಕೆಳಗೆ ಇಡುತ್ತಾರೆ. ರಕ್ತ ತೆಗೆದ ದಿನದಿಂದ ಚೀಲ ರೋಗಿಯ ಹಾಸಿಗೆಗೆ ಬರುವಷ್ಟರಲ್ಲಿ ಸಾಮಾನ್ಯವಾಗಿ ಮೂರ್ನಾಲ್ಕು ವಾರ ಹಿಡಿಯುತ್ತದೆ. ಕೋಲಾರ, ಮುಳಬಾಗಿಲಿನವರು ಹಿಂದಿನಿಂದಲೂ ಹೋಗಿಬರುವ ವೆಲ್ಲೂರಿನ ಸಿಎಂಸಿಯಲ್ಲಿ ಆಸ್ಪತ್ರೆಯೊಳಗೇ, ಮುಚ್ಚಿದ ಸ್ವಯಂಚಾಲಿತ ಯಂತ್ರದಲ್ಲಿ ಒಂಬತ್ತು ದಿನಗಳ ಆಸುಪಾಸಿನಲ್ಲಿ ಕೋಶ ತಯಾರಿಸಿ, ಶೀತಲೀಕರಿಸದೆ ಹಾಗೆಯೇ ಕೊಡುವ ಪ್ರಯೋಗ ನಡೆದಿದೆ. ಖರ್ಚೂ ಕಾಲವೂ ಇಳಿಯುವ ದಾರಿ ಇದೇ ಎಂದು ನಮ್ಮ ಅಂದಾಜು.

ಜೊಳ್ಳಾಗುವುದು ಹೇಗೆ

ರಾಗಿ ಬಿತ್ತುವವರಿಗೆ ಗೊತ್ತಿರುವ ಮಾತು: ಬೀಜವೇ ಜೊಳ್ಳಾದರೆ ಹೊಲ ಎಷ್ಟು ಹಸನಾಗಿದ್ದರೂ ಪ್ರಯೋಜನವಿಲ್ಲ. ಕಾರ್-ಟಿಯಲ್ಲಿ ಬೀಜ ರೋಗಿಯ ಸ್ವಂತ ಟಿ-ಕೋಶ. ನಾಲ್ಕೈದು ಬಗೆಯ ಕೀಮೋ ಕಂಡ ಟಿ-ಕೋಶ ದಣಿದಿರುತ್ತದೆ, ಕಾರ್ಖಾನೆಯಲ್ಲಿ ಸರಿಯಾಗಿ ಹೆಚ್ಚುವುದಿಲ್ಲ, ಹೆಚ್ಚಿದರೂ ಮೈಯೊಳಗೆ ಹೋಗಿ ಬೇಗ ಸೋಲುತ್ತದೆ. ಲಿಂಫೋಮಾ ಎಂಬ, ದುಗ್ಧಗ್ರಂಥಿಗಳು ಊದಿಕೊಳ್ಳುವ ಕ್ಯಾನ್ಸರಿನಲ್ಲಿ ಬಹಳ ಬಳಸುವ ಬೆಂಡಾಮಸ್ಟಿನ್ ಎಂಬ ಕೀಮೋ ಔಷಧ ಟಿ-ಕೋಶಗಳ ಮಟ್ಟಿಗೆ ವಿಶೇಷವಾಗಿ ಕೆಟ್ಟದ್ದು. ರಕ್ತ ತೆಗೆಯುವ ಮೊದಲಿನ ಆರರಿಂದ ಒಂಬತ್ತು ತಿಂಗಳೊಳಗೆ ಅದನ್ನು ಕೊಟ್ಟಿದ್ದರೆ ಫಲಿತಾಂಶ ಕುಗ್ಗುತ್ತದೆ. ಆದ್ದರಿಂದ ದೊಡ್ಡ ಬಿ-ಕೋಶ ಲಿಂಫೋಮಾ ಮರುಕಳಿಸಿದ ದಿನವೇ, ಮುಂದಿನ ಕೀಮೋ ಬರೆಯುವ ಮೊದಲೇ, ಕಾರ್-ಟಿ ಕೇಂದ್ರವನ್ನು ಕೇಳುವುದು ಸರಿಯಾದ ಕ್ರಮ. ಕೊನೆಗೆ ಕಾರ್-ಟಿ ಮಾಡಿಸದಿದ್ದರೂ ಕೇಳಿದ್ದರಿಂದ ನಷ್ಟವಿಲ್ಲ. ಬೆಂಡಾಮಸ್ಟಿನ್ ಕೊಟ್ಟ ಮೇಲೆ ಕೇಳಿದರೆ ಆಗುವ ನಷ್ಟವನ್ನು ತುಂಬಿಕೊಡಲು ದಾರಿಯೇ ಇಲ್ಲ.

ಸ್ಟೆರಾಯ್ಡ್ ಎರಡನೆಯ ತೊಂದರೆ. ರಕ್ತ ತೆಗೆಯುವ ಮೊದಲು ಕನಿಷ್ಠ ಮೂರು ದಿನ, ಸಾಧ್ಯವಾದರೆ ವಾರ, ಅದನ್ನು ನಿಲ್ಲಿಸಬೇಕು. ರಕ್ತದಲ್ಲಿ ಲಿಂಫೋಸೈಟ್ (ಟಿ-ಕೋಶ, ಬಿ-ಕೋಶಗಳು ಸೇರಿದ ಬಿಳಿ ಕಣಗಳ ಗುಂಪು) ಎಣಿಕೆ ಮೈಕ್ರೋಲೀಟರಿಗೆ 200ಕ್ಕಿಂತ ಕೆಳಗಿದ್ದರೆ ಸಾಕಷ್ಟು ಕೋಶ ಸಿಗುವುದು ಕಷ್ಟ, 500 ದಾಟಿದ್ದರೆ ಒಳ್ಳೆಯದು. ಆದರೆ ಸ್ಟೆರಾಯ್ಡಿನ ದೊಡ್ಡ ಹಾನಿ ಇದಕ್ಕಿಂತ ಎಷ್ಟೋ ಮೊದಲು, ರೋಗ ಪತ್ತೆಯಾಗುವುದಕ್ಕೂ ಮುಂಚೆ ಆಗಿರುತ್ತದೆ. ಕತ್ತಿನಲ್ಲಿ ಗಡ್ಡೆ ಎದ್ದಿದೆ, ಸಂಜೆ ಜ್ವರ, ತೂಕ ಇಳಿದಿದೆ. ನಮ್ಮ ಕಡೆ ಇದನ್ನು ನೋಡಿದ ಕೂಡಲೇ ಹೊಳೆಯುವುದು ಟಿಬಿ, ಅದು ಸಹಜವೂ ಹೌದು. ಆದರೆ ಬಯಾಪ್ಸಿ ಮಾಡದೆ ಟಿಬಿ ಮಾತ್ರೆ ಶುರುಮಾಡಿ ಮೂರು ತಿಂಗಳು ಕಾದರೆ, ಅಥವಾ ಜ್ವರಕ್ಕೆಂದು ಡೆಕ್ಸಾಮೆಥಸೋನ್ ಎಂಬ ಸ್ಟೆರಾಯ್ಡ್ ಚುಚ್ಚಿದರೆ, ಲಿಂಫೋಮಾದ ಗಡ್ಡೆ ಕೆಲವು ದಿನ ಕರಗಿದಂತೆ ಕಂಡು ಮತ್ತೆ ಇಮ್ಮಡಿಯಾಗಿ ಏಳುತ್ತದೆ. ಕರಗಿದ ಹೊತ್ತಿನಲ್ಲಿ ಬಯಾಪ್ಸಿ ತೆಗೆದರೆ ಏನೂ ಸಿಗುವುದಿಲ್ಲ. ಸೂಜಿಯಿಂದ ಎಳೆಯುವ ಎಫ್‌ಎನ್‌ಎಸಿ ಲಿಂಫೋಮಾದ ಬಗೆಯನ್ನು ಹೇಳಲು ಸಾಲದು. ಸಾಧ್ಯವಾದರೆ ಇಡೀ ಗಡ್ಡೆಯನ್ನು ತೆಗೆಸಬೇಕು. ಅದನ್ನು ಮೇಣದಲ್ಲಿ ಕೂರಿಸಿಟ್ಟ ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಬ್ಲಾಕನ್ನು ಲ್ಯಾಬಿನಿಂದ ಕೇಳಿ ಪಡೆಯಬೇಕು. ಮುಂದೆ ಸಿಡಿ19 ಇದೆಯೇ ಎಂದು ನೋಡಲು ಬೇಕಾಗುವುದು ಅದೇ. ವರದಿಯ ಜೆರಾಕ್ಸ್ ಹಿಡಿದು ಬೆಂಗಳೂರಿಗೆ ಹೋದವರನ್ನು ಬ್ಲಾಕ್ ತರಲು ವಾಪಸು ಕಳಿಸಿದರೆ ಒಂದು ವಾರ ಹೋಯಿತು, ವೇಗದ ಲಿಂಫೋಮಾದಲ್ಲಿ ವಾರವೆಂದರೆ ಸಣ್ಣದಲ್ಲ.

ಏರಿಸುವ ದಿನ, ಆಮೇಲಿನ ರಾತ್ರಿಗಳು

ಕೋಶ ಏರಿಸುವ ಐದಾರು ದಿನ ಮೊದಲು ಫ್ಲೂಡರಾಬಿನ್ ಮತ್ತು ಸೈಕ್ಲೋಫಾಸ್ಫಮೈಡ್ ಎಂಬ ಎರಡು ಕೀಮೋ ಔಷಧಗಳನ್ನು ಸಾಮಾನ್ಯವಾಗಿ ಮೂರು ದಿನ ಕೊಡುತ್ತಾರೆ. ಇದು ಹೊಲ ಹಸನು ಮಾಡುವ ಕೆಲಸ. ಮೈಯಲ್ಲಿರುವ ಹಳೆಯ ಲಿಂಫೋಸೈಟುಗಳು ತಗ್ಗಿದರೆ ಹೊಸ ಕೋಶಕ್ಕೆ ಜಾಗವೂ ಬೆಳವಣಿಗೆಯ ರಸವೂ ಸಿಗುತ್ತವೆ. ಏರಿಸುವ ಕೆಲಸವಂತೂ ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ಒಂದು ಬಗೆಯ ಔಷಧದಲ್ಲಿ ಕಿಲೋ ತೂಕಕ್ಕೆ 20 ಲಕ್ಷ ಕೋಶ, ಅಂದರೆ 60 ಕಿಲೋ ಇರುವವರಿಗೆ 12 ಕೋಟಿ. ಅಷ್ಟೂ ಒಂದು ಲೋಟವೂ ತುಂಬದ ದ್ರವದಲ್ಲಿರುತ್ತವೆ. ಶೀತಲದಲ್ಲಿ ಕೋಶ ಕಾಪಾಡಲು ಬೆರೆಸಿದ ರಾಸಾಯನಿಕದಿಂದ ರೋಗಿಯ ಉಸಿರು ಒಂದು ದಿನ ಬೆಳ್ಳುಳ್ಳಿಯಂತೆ ನಾರುತ್ತದೆ, ಜೊತೆಗಿರುವವರು ಗಾಬರಿಯಾಗಬೇಕಿಲ್ಲ. ಕ್ವಾರ್ಟೆಮಿಯ ಮೂಲ ಸ್ಪ್ಯಾನಿಷ್ ಕ್ರಮದಲ್ಲಿ ಒಂದೇ ಸಲಕ್ಕೆ ಕೊಡದೆ ಶೇ. 10, 30, 60 ಎಂದು ಮೂರು ಕಂತು ಮಾಡುತ್ತಾರೆ. ಮೊದಲ ಕಂತಿಗೇ ಮೈ ಕೆರಳಿದರೆ ಮುಂದಿನದನ್ನು ತಡೆಹಿಡಿಯಬಹುದು. ಬಹಳ ಬುದ್ಧಿವಂತಿಕೆಯ ಕ್ರಮ ಇದು.

ಕೆರಳುವುದು ಎಂದರೆ ಹೀಗೆ. ಟಿ-ಕೋಶಗಳು ಕ್ಯಾನ್ಸರ್ ಕಂಡು ಹೆಚ್ಚತೊಡಗಿದಾಗ ಸೈಟೊಕೈನ್ ಎಂಬ ರಾಸಾಯನಿಕಗಳು ರಕ್ತಕ್ಕೆ ನುಗ್ಗುತ್ತವೆ. ಮೊದಲ ಲಕ್ಷಣ 38 ಡಿಗ್ರಿ ಸೆಲ್ಸಿಯಸ್ ದಾಟಿದ ಜ್ವರ, ಹೆಚ್ಚಾಗಿ ಮೊದಲ ವಾರದಲ್ಲೇ. ಜ್ವರ ಮಾತ್ರ ಇದ್ದರೆ ಒಂದನೇ ದರ್ಜೆ. ರಕ್ತದೊತ್ತಡ ಇಳಿದು ಸಲೈನಿಗೆ ಏರಿದರೆ, ಅಥವಾ ಮೂಗಿನ ಕೊಳವೆಯ ಸ್ವಲ್ಪ ಆಕ್ಸಿಜನ್ ಸಾಕಾದರೆ ಎರಡನೆಯದು. ಒತ್ತಡ ಏರಿಸುವ ಔಷಧವೋ ಹೆಚ್ಚಿನ ಆಕ್ಸಿಜನ್ನೋ ಬೇಕಾದರೆ ಮೂರನೆಯದು. ಎಮಿಲಿಯ ಪ್ರಾಣ ಹೋಗುವ ಹಂತದಲ್ಲಿ ವೈದ್ಯರು ಸಂಧಿವಾತಕ್ಕೆ ಬಳಸುವ ಟೊಸಿಲಿಝುಮ್ಯಾಬ್ ಕೊಟ್ಟಾಗ ಗಂಟೆಗಳಲ್ಲಿ ಜ್ವರ ಇಳಿಯಿತು. ಇಂದಿಗೂ ಅದೇ ಮುಖ್ಯ ಅಸ್ತ್ರ: ಕಿಲೋಗೆ 8 ಮಿಲಿಗ್ರಾಂ, 60 ಕಿಲೋ ಇರುವವರಿಗೆ 480 ಮಿಲಿಗ್ರಾಂ. ಕೋಶ ಏರಿಸುವ ಮೊದಲೇ ಎರಡು ಡೋಸ್ ಆಸ್ಪತ್ರೆಯ ಕಪಾಟಿನಲ್ಲಿ ಇರಬೇಕು, ಹೊರಗಿನಿಂದ ತರಿಸುತ್ತೇವೆ ಎಂಬ ಮಾತು ನಡೆಯುವುದಿಲ್ಲ.

ಎರಡನೆಯ ಅಪಾಯ ಮಿದುಳಿನದು, ಸಾಮಾನ್ಯವಾಗಿ ನಾಲ್ಕರಿಂದ ಹತ್ತನೆಯ ದಿನದೊಳಗೆ. ಇದನ್ನು ಹಿಡಿಯುವ ಉಪಕರಣ ಒಂದು ಹಾಳೆ, ಒಂದು ಪೆನ್ನು. ದಾದಿ ದಿನಕ್ಕೆ ಎರಡು ಮೂರು ಬಾರಿ ಬಂದು ಹತ್ತು ಅಂಕದ ಪರೀಕ್ಷೆ ಮಾಡುತ್ತಾರೆ. ವರ್ಷ, ತಿಂಗಳು, ಊರು, ಆಸ್ಪತ್ರೆ ಹೇಳಿದರೆ ನಾಲ್ಕು. ತೋರಿಸಿದ ಮೂರು ವಸ್ತುಗಳ ಹೆಸರಿಗೆ ಮೂರು. ಹೇಳಿದಂತೆ ಕಣ್ಣು ಮುಚ್ಚಿದರೆ ಒಂದು. ನೂರರಿಂದ ಹತ್ತು ಹತ್ತು ಇಳಿಸಿ ಎಣಿಸಿದರೆ ಒಂದು. ಒಂದು ವಾಕ್ಯ ಬರೆದರೆ ಒಂದು. ಬರವಣಿಗೆ ಎಲ್ಲಕ್ಕಿಂತ ಮೊದಲು ಕೆಡುವುದುಂಟು. ಸೋಮವಾರ ‘ನಮ್ಮ ಮನೆ ಮುಂದೆ ಹುಣಸೆ ಮರ ಇದೆ’ ಎಂದು ದುಂಡಗೆ ಬರೆದವರು ಗುರುವಾರ ಅದೇ ವಾಕ್ಯದಲ್ಲಿ ಒತ್ತಕ್ಷರ ಬಿಡುತ್ತಾರೆ, ಸಾಲು ಓರೆಯಾಗಿ ಕೆಳಗೆ ಜಾರುತ್ತದೆ, ಶುಕ್ರವಾರ ‘ಹುಣ’ ಎಂಬಲ್ಲಿಗೇ ಪೆನ್ನು ನಿಲ್ಲುತ್ತದೆ. ಮಾತಾಡಿಸಿದರೆ ಆಗಲೂ ಸರಿಯಾಗಿಯೇ ಇದ್ದಂತೆ ಕಾಣಬಹುದು. ಡೆಕ್ಸಾಮೆಥಸೋನ್ ಹೊತ್ತಿಗೆ ಸರಿಯಾಗಿ ಕೊಟ್ಟರೆ ಹೆಚ್ಚಿನವರು ಕೆಲವೇ ದಿನಗಳಲ್ಲಿ ಮೊದಲಿನಂತಾಗುತ್ತಾರೆ.

ಇಲ್ಲಿ ನಮ್ಮ ಗಡಿ ತಾಲ್ಲೂಕುಗಳಿಗೇ ವಿಶೇಷವಾದ ಒಂದು ತೊಡಕಿದೆ. ಪಾವಗಡ, ಬಾಗೇಪಲ್ಲಿ, ಶ್ರೀನಿವಾಸಪುರ, ಮುಳಬಾಗಿಲಿನ ಎಷ್ಟೋ ಮನೆಗಳಲ್ಲಿ ಆಡುವುದು ತೆಲುಗು, ಓದಿದ್ದು ಕನ್ನಡ. ಬೆಂಗಳೂರಿನ ವಾರ್ಡಿನಲ್ಲಿ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಪ್ರಶ್ನೆ ಕೇಳಿದರೆ ರೋಗಿ ತಡವರಿಸುವುದು ಭಾಷೆಯಿಂದಲೋ ಮಿದುಳಿನ ಊತದಿಂದಲೋ ತಿಳಿಯುವುದಿಲ್ಲ. ಕೋಶ ಏರಿಸುವ ಹಿಂದಿನ ದಿನವೇ ಯಾವ ಭಾಷೆಯಲ್ಲಿ ಎಣಿಸುತ್ತಾರೆ, ಯಾವುದರಲ್ಲಿ ಬರೆಯುತ್ತಾರೆ ಎಂದು ದಾಖಲಿಸಿ, ಆ ದಿನದ ಬರಹವನ್ನೇ ಅಳತೆಗೋಲಾಗಿ ಇಟ್ಟುಕೊಳ್ಳಬೇಕು. ಓದುಬರಹ ಇಲ್ಲದವರಾದರೆ ಸಹಿಯೋ, ಮನೆ ಬಾಗಿಲಿಗೆ ಹಾಕುವ ಚುಕ್ಕಿ ರಂಗೋಲಿಯೋ ಆಗಬಹುದು. ಇದನ್ನು ಮನೆಯವರೇ ಮುಂದಾಗಿ ಹೇಳಲಿ.

ಊರಿಗೆ ಬಂದ ಮೇಲೆ

ನಾಲ್ಕು ವಾರ ಆಸ್ಪತ್ರೆಯಿಂದ ಎರಡು ಗಂಟೆಯ ದಾರಿಯೊಳಗೆ ಇರಬೇಕು, ಎಂಟು ವಾರ ಗಾಡಿ ಓಡಿಸಬಾರದು ಎಂಬುದು ಮೊದಲಿನಿಂದ ಇದ್ದ ನಿಯಮ. 2025ರ ಜೂನ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಕರು ಎರಡನ್ನೂ ಎರಡು ವಾರಕ್ಕೆ ಇಳಿಸಿದರು. ನಮ್ಮ ಸ್ಥಿತಿಗೆ ಹಳೆಯ ನಾಲ್ಕು ವಾರವೇ ಸರಿ ಎನ್ನುತ್ತೇವೆ. ತುಮಕೂರಿನವರು ಬೊಮ್ಮಸಂದ್ರ ಮುಟ್ಟಲು ಬೆಂಗಳೂರಿನ ಈ ತುದಿಯಿಂದ ಆ ತುದಿಗೆ ಹೋಗಬೇಕು, ಸಂಜೆಯ ವಾಹನ ದಟ್ಟಣೆಯಲ್ಲಿ ಎರಡು ಗಂಟೆಯ ಲೆಕ್ಕ ಹಿಡಿಯುವುದೇ ಇಲ್ಲ. ಆಸ್ಪತ್ರೆ ಹತ್ತಿರ ತಿಂಗಳಿಗೆ ರೂಮು ಹಿಡಿಯುವ ಖರ್ಚನ್ನು ಮೊದಲೇ ಲೆಕ್ಕಕ್ಕೆ ಸೇರಿಸಬೇಕು.

ಮನೆಗೆ ಬಂದವರಿಗೆ ತಿಂಗಳುಗಟ್ಟಲೆ ಪ್ಲೇಟ್‌ಲೆಟ್, ಬಿಳಿ ಕಣ ಕಡಿಮೆ ಇರುವುದುಂಟು. ಮಳೆಗಾಲದಲ್ಲಿ ಜ್ವರದ ಜೊತೆ ಪ್ಲೇಟ್‌ಲೆಟ್ 30 ಸಾವಿರ ಎಂದು ಕಂಡರೆ ನಮ್ಮ ಯಾವ ಆಸ್ಪತ್ರೆಯೂ ಮೊದಲು ಹೇಳುವುದು ಡೆಂಗಿ. ಇವರಲ್ಲಿ ಅದು ರಕ್ತದ ನಂಜಾಗಿರಬಹುದು, ಬಿಳಿ ಕಣ ಇಲ್ಲದ ಮೈಯಲ್ಲಿ ನಂಜು ಗಂಟೆಗಳ ಲೆಕ್ಕದಲ್ಲಿ ಕೊಲ್ಲುತ್ತದೆ. ರಕ್ತದ ಕಲ್ಚರ್ ತೆಗೆದು, ವರದಿಗೆ ಕಾಯದೆ, ಒಂದು ಗಂಟೆಯೊಳಗೆ ನರಕ್ಕೆ ಆ್ಯಂಟಿಬಯಾಟಿಕ್ ಶುರುಮಾಡಿ, ಆಮೇಲೆ ಕಾರ್-ಟಿ ಕೇಂದ್ರಕ್ಕೆ ಫೋನ್ ಮಾಡುವುದು ಸರಿಯಾದ ಕ್ರಮ. ರಕ್ತ ಕೊಡಬೇಕಾಗಿ ಬಂದರೆ ವಿಕಿರಣಕ್ಕೆ ಒಡ್ಡಿದ ರಕ್ತವನ್ನೇ ಕೊಡಬೇಕು, ಕನಿಷ್ಠ ಮೂರು ತಿಂಗಳವರೆಗೆ. ಇಲ್ಲದಿದ್ದರೆ ದಾನಿಯ ಲಿಂಫೋಸೈಟುಗಳು ರೋಗಿಯ ಮೈಯಲ್ಲೇ ನೆಲೆನಿಂತು ತಿರುಗಿಬೀಳಬಹುದು, ಅದು ಅಪರೂಪವಾದರೂ ಬಂದರೆ ಉಳಿಯುವುದು ಕಷ್ಟ. ಈ ಸೌಲಭ್ಯ ಎಲ್ಲ ರಕ್ತನಿಧಿಗಳಲ್ಲೂ ಇರುವುದಿಲ್ಲ, ತುರ್ತು ಬರುವ ಮೊದಲೇ ವಿಚಾರಿಸಿಟ್ಟಿರಬೇಕು.

ಬಿ-ಕೋಶ ಇಲ್ಲದ್ದರಿಂದ ಪ್ರತಿಕಾಯಗಳೂ ಇಳಿಯುತ್ತವೆ. ಮತ್ತೆ ಮತ್ತೆ ಸೋಂಕು ತಗಲುವವರಿಗೆ ತಿಂಗಳಿಗೊಮ್ಮೆ ಇಮ್ಯುನೋಗ್ಲಾಬ್ಯುಲಿನ್ ಬೇಕು: ಕಿಲೋಗೆ 0.4 ಗ್ರಾಂ, 60 ಕಿಲೋಗೆ 24 ಗ್ರಾಂ, 5 ಗ್ರಾಮಿನ ಐದು ಬಾಟಲಿ. ಹಳೆಯ ಹೆಪಟೈಟಿಸ್ ಬಿ ಇದ್ದವರು ಅದರ ಮಾತ್ರೆ ಬಿಡಬಾರದು. ನಮ್ಮ ಮನೆಗಳ ಮಟ್ಟಿಗೆ ಇನ್ನೊಂದು ವಿಷಯ: ಹಳೆಯ ರಾಗಿ ಹುಲ್ಲಿನ ಬಣವೆ ಕೆದಕಿದಾಗ ಏಳುವ ದೂಳಿನಲ್ಲಿ ಶ್ವಾಸಕೋಶಕ್ಕೆ ತಗಲುವ ಬೂಷ್ಟು ಇರುತ್ತದೆ, ರೇಷ್ಮೆ ಹುಳು ಮನೆಯ ತೇವದಲ್ಲೂ ಬೂಷ್ಟು ಬೆಳೆಯುತ್ತದೆ. ಮೊದಲ ಆರು ತಿಂಗಳು ಕೊಟ್ಟಿಗೆ, ಗೊಬ್ಬರ, ಹುಳು ಮನೆಯ ಕೆಲಸ ಬೇರೆಯವರದ್ದಾಗಲಿ. ಕಾಯಿಸದ ಹಾಲು ಬೇಡ.

ಹಣ ಮತ್ತು ಫಲ

ಅಮೆರಿಕದ ಮೊದಲ ಕಾರ್-ಟಿಗೆ ಇಟ್ಟ ಬೆಲೆ 4,75,000 ಡಾಲರ್. ಇಲ್ಲಿ ಔಷಧಕ್ಕೇ ಸುಮಾರು 40 ಲಕ್ಷ ರೂಪಾಯಿಯ ಆಸುಪಾಸು, ಆಸ್ಪತ್ರೆ ಖರ್ಚು ಬೇರೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕಿರುವ ಮಿತಿ 5 ಲಕ್ಷ. ಖಾಸಗಿ ವಿಮೆ ಇದ್ದವರೂ ಆಧುನಿಕ ಚಿಕಿತ್ಸೆಗೆಂದು ಪಾಲಿಸಿಯೊಳಗೆ ಪ್ರತ್ಯೇಕ ಮಿತಿ ಇದೆಯೇ ಎಂದು ಓದಿ, ಪೂರ್ವಾನುಮತಿಯನ್ನು ಬರಹದಲ್ಲೇ ಪಡೆಯಬೇಕು. ಜಮೀನು ಮಾರುವ ಯೋಚನೆ ಬರುವುದು ಇಲ್ಲೇ. ಮಾರುವ ಮೊದಲು ಫಲಿತಾಂಶದ ಅಂಕಿಗಳನ್ನು ಎದುರಿಗಿಟ್ಟುಕೊಂಡು ಮಾತಾಡುವ ಹಕ್ಕು ಪ್ರತಿ ಕುಟುಂಬಕ್ಕೂ ಇದೆ. ನೆಕ್ಸ್‌ಕಾರ್19ರ 64 ರೋಗಿಗಳ ಪ್ರಯೋಗದಲ್ಲಿ, ಫಲ ಅಳೆಯಲು ಸಾಧ್ಯವಾದವರಲ್ಲಿ ಶೇ. 73ರಷ್ಟು ಮಂದಿಗೆ ರೋಗ ಕುಗ್ಗಿತು. ಆದರೆ ಕುಗ್ಗುವುದು ಬೇರೆ, ಮರಳಿ ಬಾರದೆ ಇರುವುದು ಬೇರೆ. ಮಕ್ಕಳು, ಯುವಕರ ಲುಕೇಮಿಯಾದ ಅಂತರರಾಷ್ಟ್ರೀಯ ಪ್ರಯೋಗದಲ್ಲಿ ಮೂರು ತಿಂಗಳೊಳಗೆ ಶೇ. 81 ಮಂದಿಯಲ್ಲಿ ರೋಗ ಕಾಣದಾಯಿತು, ವರ್ಷದ ಕೊನೆಗೆ ಹಾಗೇ ಉಳಿದವರು ಸುಮಾರು ಅರ್ಧ. ದೊಡ್ಡ ಬಿ-ಕೋಶ ಲಿಂಫೋಮಾದ ಒಂದು ಮುಖ್ಯ ಪ್ರಯೋಗದಲ್ಲಿ ಐದು ವರ್ಷದ ನಂತರ ಬದುಕಿದ್ದವರು ಶೇ. 42.6. ಬೇರೆ ದಾರಿ ಮುಗಿದಿದ್ದವರಲ್ಲಿ ಇದು ದೊಡ್ಡ ಸಂಖ್ಯೆ. ಫಲ ನಿಲ್ಲದವರಲ್ಲಿ ಕೆಲವರ ಕ್ಯಾನ್ಸರ್ ಕೋಶ ಸಿಡಿ19 ಅನ್ನೇ ಕಳಚಿಹಾಕಿ ಕಣ್ಣು ತಪ್ಪಿಸಿಕೊಳ್ಳುತ್ತದೆ, ಕೆಲವರಲ್ಲಿ ಟಿ-ಕೋಶಗಳು ಬೇಗ ಮಾಯವಾಗುತ್ತವೆ.

ಮೂವತ್ತನೆಯ ದಿನದ ಆಸುಪಾಸಿನಲ್ಲಿ ಲಿಂಫೋಮಾದವರಿಗೆ ಪೆಟ್ ಸ್ಕ್ಯಾನ್, ಲುಕೇಮಿಯಾದವರಿಗೆ ಅಸ್ಥಿಮಜ್ಜೆ ಪರೀಕ್ಷೆ, ಮತ್ತೆ ಮೂರು ತಿಂಗಳಿಗೆ ಇನ್ನೊಮ್ಮೆ. ಮಜ್ಜೆ ಕಸಿ ಬೇಕೇ ಎಂಬ ತೀರ್ಮಾನ ಆ ಹೊತ್ತಿಗೆ ಬರುತ್ತದೆ. ಕಸಿಗೆ ಹೊಂದುವ ಅಣ್ಣ, ತಂಗಿ ಇದ್ದಾರೆಯೇ ಎಂಬ ಎಚ್‌ಎಲ್‌ಎ ಪರೀಕ್ಷೆಯನ್ನು ಕೋಶ ತಯಾರಾಗಿ ಬರುವ ಆ ಮೂರ್ನಾಲ್ಕು ವಾರಗಳಲ್ಲೇ ಮಾಡಿಸಿಟ್ಟರೆ ಆಗ ಮತ್ತೆ ಕಾಯಬೇಕಾಗುವುದಿಲ್ಲ.